ಗೂಶಖನ್ ಶ್ವಾನಶಾಲೆಯ ದಫ್ತರ

ಮನೆತನಗಳ ಚರಿತ್ರೆಯನ್ನು ಶಾಸನ, ದಾನಪತ್ರ, ಕೈಫಿಯತ್ತುಗಳಿಂದ ತಿಳಿಯುವುದು ವಾಡಿಕೆ. ನಾಯಿಗಳ ಲೆಕ್ಕವನ್ನು ಬರೆದಿಟ್ಟ ಪುಸ್ತಕವೊಂದು ಚರಿತ್ರೆಯ ಆಕರವಾದ ಪ್ರಸಂಗ ವಿರಳ. ಸ್ಕಾಟ್ಲೆಂಡಿನ ಇನ್ವರ್ನೆಸ್ ಪ್ರಾಂತದ ಗೂಶಖನ್ ಎಂಬ ಜಮೀನುದಾರಿ ಅಂಥದೊಂದು ಪ್ರಸಂಗವನ್ನು ಒದಗಿಸುತ್ತದೆ. ಅದರ ಒಡೆಯನಾಗಿದ್ದ ಡಡ್ಲಿ ಮಾರ್ಚ್‌ಬ್ಯಾಂಕ್ಸ್ 1881ರಲ್ಲಿ ಟ್ವೀಡ್‌ಮೌತ್ ಪ್ರಭುವೆಂಬ ಪದವಿಯನ್ನು ಪಡೆದು, 1894ರಲ್ಲಿ ತೀರಿಕೊಂಡನು. ಇಂದು ಲೋಕಪ್ರಸಿದ್ಧವಾದ ಗೋಲ್ಡನ್ ರಿಟ್ರೀವರ್ ತಳಿ ರೂಪುಗೊಂಡುದು ಅವನ ಶ್ವಾನಶಾಲೆಯಲ್ಲಿ.

ಈ ತಳಿಯ ಮೂಲದ ಬಗ್ಗೆ ಬಹುಕಾಲ ಒಂದು ಐತಿಹ್ಯ ಪ್ರಚಾರದಲ್ಲಿತ್ತು. ಟ್ವೀಡ್‌ಮೌತನು ಬ್ರೈಟನ್ ನಗರದ ಸರ್ಕಸ್ಸೊಂದರಲ್ಲಿ ರಷ್ಯದ ನಾಯಿಗಳನ್ನು ಕಂಡು ಬೆರಗಾಗಿ, ಇಡೀ ತಂಡವನ್ನೇ ಕೊಂಡುತಂದನೆಂಬುದು ಅದರ ಸಾರಾಂಶ. ಕಥೆ ರಮ್ಯವಾದುದು, ಪ್ರತಿಷ್ಠಿತರೂ ಅದನ್ನು ನಂಬಿದ್ದರು. ಆದರೆ 1952ರಲ್ಲಿ ಆ ಮನೆತನದ ಬಂಧುವಾದ ಇಲ್ಚೆಸ್ಟರ್ ಪ್ರಭು ಶ್ವಾನಶಾಲೆಯ ಹಸ್ತಲಿಖಿತ ದಫ್ತರದ ವಿವರಗಳನ್ನು ಪ್ರಕಟಿಸಿದನು. 1835ರಿಂದ 1890ರವರೆಗಿನ ಆ ದಾಖಲೆಯಲ್ಲಿ ರಷ್ಯದ ನಾಯಿಯ ಸುಳಿವೇ ಇಲ್ಲ.

ದಫ್ತರದಿಂದ ವಿದಿತವಾಗುವುದು ಬೇರೆಯೇ ಸಂಗತಿ. ನೂಸ್ ಎಂಬ ಹಳದಿ ಗಂಡುನಾಯಿ ಚಿಚೆಸ್ಟರ್ ಪ್ರಭುವಿನ ತಳಿಯದು. 1864ರ ಜೂನ್ ತಿಂಗಳಲ್ಲಿ ಹುಟ್ಟಿ, ಬ್ರೈಟನ್ನಿನಲ್ಲಿ ಕ್ರಯಕ್ಕೆ ಬಂದುದು. 1868ರಲ್ಲಿ ಬೆಲ್ ಎಂಬ ಟ್ವೀಡ್ ವಾಟರ್ ಸ್ಪ್ಯಾನಿಯಲ್ ಜಾತಿಯ ಹೆಣ್ಣುನಾಯಿಗೆ ಅದರಿಂದ ನಾಲ್ಕು ಹಳದಿ ಮರಿಗಳು ಹುಟ್ಟಿದುವು: ಕ್ರೋಕಸ್, ಕೌಸ್ಲಿಪ್, ಪ್ರಿಮ್‌ರೋಸ್, ಏಡಾ. ಕೌಸ್ಲಿಪ್‌ಳ ಸಂತತಿಯನ್ನು ಟ್ವೀಡ್‌ಮೌತನು ಯೋಜಿತವಾಗಿ ಮುಂದುವರಿಸಿದನು. ಏಡಾ ಇಲ್ಚೆಸ್ಟರ್ ಮನೆತನಕ್ಕೆ ಕಾಣಿಕೆಯಾಗಿ ಹೋಯಿತು.

ಈ ದಾಖಲೆಯನ್ನು ಇಂದಿನ ಅನುವಂಶಿಕ ಶಾಸ್ತ್ರವೂ ಸಮರ್ಥಿಸುತ್ತದೆ. ರಿಟ್ರೀವರುಗಳಲ್ಲಿ ಹಳದಿ ಬಣ್ಣ ಅಪ್ರಬಲ ಗುಣವಾದುದರಿಂದ, ಮರಿ ಹಳದಿಯಾಗಬೇಕಾದರೆ ತಂದೆತಾಯಿಗಳಿಬ್ಬರಿಂದಲೂ ಆ ಗುಣ ಬರಬೇಕು. ಆದುದರಿಂದ ಬೆಲ್‌ಳಲ್ಲಿಯೂ ಅದು ಇದ್ದಿತೆಂದು ಊಹಿಸಬಹುದು. ಪರದೇಶದ ನಾಯಿಗಳ ಕಲ್ಪನೆ ಅನಾವಶ್ಯಕ. ಮೆಂಡೆಲನು ತನ್ನ ಬಟಾಣಿಯ ಪ್ರಯೋಗಗಳನ್ನು ಪ್ರಕಟಿಸಿದುದು 1866ರಲ್ಲಿ; ಲೋಕ ಅವನ್ನು ಗಮನಿಸಿದುದು 1900ರಲ್ಲಿ. ಟ್ವೀಡ್‌ಮೌತನು ನಿಯಮವನ್ನರಿಯದೆ ಫಲವನ್ನು ಬರೆದಿಟ್ಟನು.

ಹಾಗೆಂದು ದಫ್ತರ ಸರ್ವವನ್ನೂ ಹೇಳುವುದಿಲ್ಲ. 1890ರಿಂದ ಈಚೆಗೆ ಹತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ ವಂಶಾವಳಿಯ ಕೊಂಡಿಗಳು ಕಳಚಿವೆ. 1908ರಲ್ಲಿ ಹಾರ್ಕೋರ್ಟ್ ಪ್ರಭು ಈ ನಾಯಿಗಳನ್ನು ಪ್ರದರ್ಶನಕ್ಕೆ ತಂದನು. 1920ರಲ್ಲಿ ತಳಿಗೆ ಈಗಿನ ಹೆಸರು ಸ್ಥಿರವಾಯಿತು. ನಡುವಣ ಕಾಲದಲ್ಲಿ ನಾಯಿಗಳನ್ನು ಸಾಕಿ ಉಳಿಸಿದವರಲ್ಲಿ ಬೇಟೆಗಾವಲಿನ ಸೇವಕರೂ ಇದ್ದರೆಂದು ಹೇಳಿಕೆಯುಂಟು. ಒಡೆಯನ ಬರೆಹ ಉಳಿದಿದೆ; ಸೇವಕರು ಬರೆದಿಡಲಿಲ್ಲ. ಈ ಮೌನವನ್ನು ಇನ್ನೊಂದು ಐತಿಹ್ಯದಿಂದ ತುಂಬುವುದು ಸಾಧುವಲ್ಲ.

ಗೂಶಖನ್ ಸೌಧ ಇಂದು ಮಾಡಿಲ್ಲದ ಹಾಳುಗೋಡೆ. ತಳಿಗೆ ಜನ್ಮವಿತ್ತ ಟ್ವೀಡ್ ಸ್ಪ್ಯಾನಿಯಲ್ ಜಾತಿ ನಶಿಸಿಹೋಗಿದೆ. ಆದರೂ 2018ರಲ್ಲಿ, ಆ ಮರಿಗಳ ಜನನಕ್ಕೆ 150 ವರ್ಷಗಳು ತುಂಬಿದಾಗ, 361 ಗೋಲ್ಡನ್ ರಿಟ್ರೀವರುಗಳು ಆ ಗೋಡೆಗಳ ಮುಂದೆ ನೆರೆದುವು. ಅವುಗಳ ಪೂರ್ವಚರಿತ್ರೆಯನ್ನು ಉಳಿಸಿಕೊಟ್ಟುದು ಸೌಧವಲ್ಲ, ಒಂದು ಸಾಮಾನ್ಯ ಲೆಕ್ಕದ ಪುಸ್ತಕ. ನಮ್ಮ ಹಳೆಯ ಮನೆಗಳ ಅಟ್ಟದ ಕಡತಗಳನ್ನು ರದ್ದಿಗೆ ಹಾಕುವ ಮುನ್ನ ಚರಿತ್ರೆಯ ವಿದ್ಯಾರ್ಥಿಗಳು ಇದನ್ನು ನೆನೆಯುವುದು ಒಳ್ಳೆಯದು.