ಸತ್ತ ಕುದುರೆಯ ಬಾಲಕ್ಕೂ ದುಡ್ಡು

ಸಮುದ್ರದ ನಡುವೆ ಸತ್ತ ಕುದುರೆಗೂ ಪೂರ್ತಿ ದುಡ್ಡು ಎಣಿಸಿದ ರಾಜನೊಬ್ಬ ನಮ್ಮಲ್ಲಿದ್ದ ಅಂದರೆ ನಂಬ್ತೀರಾ? ವಿಜಯನಗರದ ಸಾಳುವ ನರಸಿಂಹ. ಹೊರ್ಮುಜ್, ಏಡನ್ ಕಡೆಯಿಂದ ಕುದುರೆ ತರುವ ವ್ಯಾಪಾರಿಗಳು ದಾರಿಯಲ್ಲಿ ಸತ್ತದ್ದರ ಬಾಲವನ್ನಷ್ಟೇ ತಂದು ತೋರಿಸಿದರೂ ಸಾಕಿತ್ತಂತೆ. ಬದುಕಿದ್ದರೂ ಸತ್ತಿದ್ದರೂ ಸಾವಿರ ಪರ್ದಾವ್‌ಗೆ ಮೂರು ಕುದುರೆ. ಇದನ್ನು ಬರೆದಿಟ್ಟವನು ಪೋರ್ಚುಗೀಸಿನ ನೂನಿಜ್. ಮುಂದೆ ಅರಸರು ವರ್ಷಕ್ಕೆ ಹೊರ್ಮುಜಿನದು, ನಾಡಿನದು ಎಲ್ಲ ಸೇರಿ 13,000 ಕುದುರೆ ಕೊಳ್ಳುತ್ತಿದ್ದರು ಅಂತಲೂ ಅವನ ಲೆಕ್ಕ. ಲೆಕ್ಕದಲ್ಲಿ ಸ್ವಲ್ಪ ಉಪ್ಪು ಖಾರ ಇದ್ದರೂ ಇರಲಿ, ಆ ಬಾಲದ ಕಥೆಯೊಂದೇ ಸಾಕು, ನಮ್ಮ ಅರಸರ ಗರಜು ಎಷ್ಟಿತ್ತು ಅಂತ ತಿಳಿಯೋಕೆ.

ಈ ಗರಜಿನ ನಕ್ಷೆ ನೋಡಬೇಕಾದರೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಗೆ ಹೋಗಿ. ಬಹಳ ಜನಕ್ಕೆ ಅದು ರೇಣುಕಾಂಬೆಯ ಕ್ಷೇತ್ರ. ಮೇಲಿರುವ ಕೋಟೆಗೆ ಬೇರೆಯದೇ ಚರಿತ್ರೆ ಇದೆ. ವಿಜಯನಗರದ ಮೊದಲ ದಿನಗಳಲ್ಲಿ ಹರಿಹರನ ತಮ್ಮ ಮಾರಪ್ಪ ಇಲ್ಲಿಂದ ಆಳಿದ. ಆಮೇಲೆ ಮಾಧವ ಮಂತ್ರಿಯ ಕೈಯಲ್ಲಿ ಚಂದ್ರಗುತ್ತಿ ಮತ್ತು ಗೋವಾ ಎರಡೂ ಇದ್ದವು. ಬೆಟ್ಟದ ಕೋಟೆ, ಕಡಲಿನ ಬಂದರು, ಎರಡಕ್ಕೂ ಒಬ್ಬನೇ ಒಡೆಯ. ಕೆಳಗಿಂದ ಕುದುರೆ ಬರಬೇಕು, ಮೇಲಿಂದ ಮೆಣಸು ಇಳಿಯಬೇಕು ಅನ್ನುವ ರಾಜ್ಯಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೇನಿದೆ? 1510ರಲ್ಲಿ ಗೋವಾ ಪೋರ್ಚುಗೀಸರ ಪಾಲಾದ ಮೇಲೆ ಕುದುರೆ ವ್ಯಾಪಾರದ ಜುಟ್ಟು ಅವರ ಕೈಗೆ ಹೋಯಿತು. 1547ರಲ್ಲಿ ವಿಜಯನಗರ ಅವರೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ, ಕುದುರೆ ನಮಗೇ ಕೊಡಬೇಕು, ಬಿಜಾಪುರಕ್ಕೆ ಹೋಗಕೂಡದು ಅನ್ನುವುದೇ ದೊಡ್ಡ ಷರತ್ತು.

ಸರಿ, ಇಷ್ಟು ದುಡ್ಡು ಸುರಿಯುವ ಬದಲು ಇಲ್ಲೇ ಸಾಕಬಹುದಿತ್ತಲ್ವಾ?

ಹವೆ ಒಗ್ಗೋದಿಲ್ಲ ಅನ್ನೋದು ಹಳೆಯ ಉತ್ತರ. 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿ ಕಂಡ ಮಾರ್ಕೊ ಪೋಲೊ, ಅಲ್ಲಿ ಕುದುರೆಗೆ ಅನ್ನ ಮಾಂಸ ಬೇಯಿಸಿ ಹಾಕ್ತಾರೆ, ಆರೈಕೆ ಗೊತ್ತಿಲ್ಲದೆ ಸಾಯಿಸ್ತಾರೆ ಅಂತ ಬರೆದ. ಮಲೆನಾಡಿನ ಮಳೆ, ಕೆಸರು ಗೊರಸಿಗೆ ಒಳ್ಳೆಯದಲ್ಲ, ಅದೂ ನಿಜ. ಆದರೆ ಜ್ಞಾನಕ್ಕೇನೂ ಬರ ಇರಲಿಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಯ ಲಕ್ಷಣವೂ ಇದೆ, ಕುದುರೆ ಮೇಲೆ ಕೂತು ಆಡುವ ಚೆಂಡಾಟವೂ ಇದೆ. ಕೆಳದಿಯ ಬಸಪ್ಪ ನಾಯಕನ ಶಿವತತ್ತ್ವರತ್ನಾಕರವೂ ಅಶ್ವಶಾಸ್ತ್ರವನ್ನು ಬಿಟ್ಟಿಲ್ಲ.

ನನಗೆ ಕಾಣುವ ಉತ್ತರ ಬೇರೆ. ನಮ್ಮಲ್ಲಿ ಕುದುರೆ ರೈತನದ್ದಾಗಲಿಲ್ಲ.

ಐರ್ಲೆಂಡಿನ ಡ್ರಾಫ್ಟ್ ಕುದುರೆ ನೋಡಿ. ಅದು ಅರಮನೆಯ ಪ್ರಾಣಿ ಅಲ್ಲ, ಸಣ್ಣ ಹಿಡುವಳಿದಾರನದು. ಹಗಲು ನೇಗಿಲು ಎಳೆಯುತ್ತೆ, ಗಾಡಿ ಎಳೆಯುತ್ತೆ, ಬೇಟೆಯ ದಿನ ಅದೇ ಕುದುರೆ ಸವಾರನನ್ನು ಹೊತ್ತು ಬೇಲಿ ಹಾರುತ್ತೆ. ಅದಕ್ಕಂತ ಅಲ್ಲಿ ವಂಶಾವಳಿ ಪುಸ್ತಕ ತೆರೆದದ್ದು 1917ರಲ್ಲಿ. ಥರೋಬ್ರೆಡ್ ಜೊತೆ ಅದನ್ನು ಕೂಡಿಸಿ ಪಡೆದ ತಳಿ ಇವತ್ತು ಜಗತ್ತಿನ ಜಂಪಿಂಗ್ ಸ್ಪರ್ಧೆಗಳಲ್ಲಿ ಓಡುತ್ತಿದೆ. ಯುದ್ಧ ಮುಗಿದರೂ ರಾಜ ಹೋದರೂ ತಳಿ ಉಳಿಯಿತು, ಯಾಕೆಂದರೆ ಅದಕ್ಕೆ ದಿನಾ ಕೆಲಸ ಇತ್ತು.

ನಮ್ಮಲ್ಲಿ ಆ ಜಾಗದಲ್ಲಿ ನಿಂತದ್ದು ಎತ್ತು. ಹೊಲ ಉಳುವ ಹಳ್ಳಿಕಾರ್ ಎತ್ತಿನ ಬಳಗದಿಂದಲೇ ಮೈಸೂರಿನ ಫಿರಂಗಿ ಎಳೆಯುವ ಅಮೃತಮಹಲ್ ಬಂತು. ಚಂದ್ರಗುತ್ತಿಯ ಸುತ್ತ ಇವತ್ತಿಗೂ ಪುಟ್ಟ ಮಲೆನಾಡು ಗಿಡ್ಡ ಮೇಯುತ್ತೆ. ಕುದುರೆ ಮಾತ್ರ ವೀರಗಲ್ಲಿನಲ್ಲಿ ಉಳಿಯಿತು. ಸೊರಬ, ಶಿಕಾರಿಪುರದ ಕಡೆ ಅಂಥ ಕಲ್ಲುಗಳಿಗೇನು ಬರವಿಲ್ಲ.

ಸ್ವಂತ ಕುದುರೆ ಇಟ್ಟವರೇ ಇರಲಿಲ್ಲ ಅಂತಲ್ಲ. ಹೈದರನ ದಂಡಿನಲ್ಲಿ ಸಿಲೇದಾರ ಅಂದರೆ ಕುದುರೆ ತನ್ನದೇ, ಸಂಬಳ ಸರ್ಕಾರದ್ದು.    1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಥ ಕೆಲಸ ಕಳಕೊಂಡ ಸವಾರರನ್ನೇ ಕೂಡಿಸಿಕೊಂಡು ಧೋಂಡಿಯ ವಾಘ್ ಶಿಕಾರಿಪುರದ ಸೀಮೆಯಲ್ಲಿ ಎದ್ದ. ಮರುವರ್ಷ ಸೆಪ್ಟೆಂಬರಿನಲ್ಲಿ ಕೋನಗಲ್ಲಿನಲ್ಲಿ, ಡಬ್ಲಿನ್‌ನಲ್ಲಿ ಹುಟ್ಟಿದ ಆರ್ಥರ್ ವೆಲ್ಲೆಸ್ಲಿಯ ಕುದುರೆ ದಂಡಿಗೆ ಸಿಕ್ಕಿ ಸತ್ತ.

ಇವತ್ತು? 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದರು. ನಮಗೆಲ್ಲ ಹೆಮ್ಮೆ. ಅವರ ಕುದುರೆ ಹುಟ್ಟಿದ್ದು ಯುರೋಪಿನಲ್ಲಿ. ಐನೂರು ವರ್ಷ ಆದಮೇಲೂ ನಾವು ಬಂದರಿನ ಕಡೆಗೇ ನೋಡುತ್ತಿದ್ದೇವೆ. ಟಿಪ್ಪು ಯುದ್ಧದ ಕುದುರೆಗಳಿಗಾಗಿ ಕಟ್ಟಿದ ಕುಣಿಗಲ್ ಫಾರಂ ರೇಸಿನ ಥರೋಬ್ರೆಡ್‌ಗೆ ತಿರುಗಿತು. ಈಚೆಗೆ ಅಲ್ಲಿ ಟೌನ್‌ಷಿಪ್ ಕಟ್ಟುವ ಮಾತೂ ಎದ್ದಿತ್ತು.

ಇನ್ನೊಂದು ಕಡೆ ಭೀಮಾ ನದಿಯ ಸೀಮೆಯಲ್ಲಿ ಗಿಡ್ಡನೆಯ ಭೀಮಥಡಿ ಕುದುರೆ ಇದೆ. ಒಂದು ಕಾಲಕ್ಕೆ ಮರಾಠರ ದಂಡಿನದು. ದಂಡು ಕರಗಿದ ಮೇಲೆ ಅದನ್ನು ಉಳಿಸಿದ್ದು ಯಾವ ಅರಮನೆಯೂ ಅಲ್ಲ, ಕುರಿ ಮಂದೆಯ ಜೊತೆ ಊರೂರು ಅಲೆಯುವ ಕುರಿಗಾಹಿಗಳು. ಪಾತ್ರೆ, ಗುಡಾರ, ಆಗ ತಾನೆ ಹುಟ್ಟಿದ ಕುರಿಮರಿ ಎಲ್ಲ ಅದರ ಬೆನ್ನ ಮೇಲೆ. ಈಚೆಗಷ್ಟೇ ಅದಕ್ಕೆ ದೇಶದ ತಳಿಗಳ ಪಟ್ಟಿಯಲ್ಲಿ ಜಾಗ ಸಿಕ್ಕಿದೆ.

ವೀಕೆಂಡ್ ರೈಡಿಂಗ್ ಕ್ಲಾಸ್ ಸೇರಿ, ಒಂದು ಕುದುರೆ ಕೊಳ್ಳೋಣ ಅಂತ ಲೆಕ್ಕ ಹಾಕುತ್ತಿರುವವರು ನಿಮ್ಮಲ್ಲಿ ಇದ್ದೇ ಇರ್ತೀರಿ. ಬೆಲೆ ಕೇಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಸೋಮವಾರದಿಂದ ಶುಕ್ರವಾರದವರೆಗೆ ಅದಕ್ಕೆ ಏನು ಕೆಲಸ, ಅದರ ಜೊತೆ ಯಾರು? ವಿಜಯನಗರ ಇದಕ್ಕೆ ಉತ್ತರ ಹುಡುಕಲಿಲ್ಲ, ಮತ್ತೆ ಮತ್ತೆ ಹೊಸ ಕುದುರೆ ಕೊಂಡಿತು. ಕುರಿಗಾಹಿಗೆ ಕೊಳ್ಳೋಕೆ ದುಡ್ಡಿರಲಿಲ್ಲ, ಇದ್ದದ್ದನ್ನೇ ಸಾಕಿದ.