ಮನೆಯಲ್ಲೇ ಮೈಕ್ರೋಗ್ರೀನ್ಸ್: ದಿನಸಿ ಅಂಗಡಿ ಕಾಳು ಸಾಕು, ಬಣ್ಣದ ಬಿತ್ತನೆ ಬೀಜ ಬೇಡವೇ ಬೇಡ

ಹಿತ್ತಲಿಲ್ಲ, ತಾರಸಿ ಇಲ್ಲ, ಬಾಡಿಗೆ ಮನೆ ಅನ್ನೋರೂ ಅಡುಗೆಮನೆ ಕಿಟಕಿ ಪಕ್ಕ ವಾರ-ಹತ್ತು ದಿನದಲ್ಲಿ ಒಂದೆರಡು ಹಿಡಿ ಸೊಪ್ಪು ಬೆಳೆದುಕೊಳ್ಳಬಹುದು. ಅದಕ್ಕೆ ಈಗ ಮೈಕ್ರೋಗ್ರೀನ್ಸ್ ಅಂತ ಹೆಸರು. ಆನ್‌ಲೈನ್‌ನಲ್ಲಿ ಟ್ರೇ, ಬೀಜ, ಸ್ಪ್ರೇ ಬಾಟಲಿ ಸೇರಿಸಿ ಕಿಟ್ ಮಾಡಿ ಮಾರ್ತಿದ್ದಾರೆ. ಆದ್ರೆ ಬೇಕಾದ ಸಾಮಾನು ಬಹುಪಾಲು ಮನೆಯಲ್ಲೇ ಇರುತ್ತೆ. ಬೀಜದ ವಿಷಯದಲ್ಲಿ ಮಾತ್ರ ಮೈಮರೆಯೋ ಹಾಗಿಲ್ಲ.

ಮೊಳಕೆ ಕಾಳಿಗೂ ಇದಕ್ಕೂ ವ್ಯತ್ಯಾಸ ಇದೆ. ಮೊಳಕೆ ಕಾಳನ್ನು ಬಟ್ಟೆಯಲ್ಲಿ ಕಟ್ಟಿಟ್ಟು ಎರಡು ದಿನಕ್ಕೆ ಬೇರು ಸಮೇತ ತಿಂತೀವಿ. ಮೈಕ್ರೋಗ್ರೀನ್ಸ್ ಅಂದ್ರೆ ಬೆಳಕಿನಲ್ಲಿ ಮೊದಲ ಎರಡು ಎಲೆ ಬಿಚ್ಚಿದ ಮೇಲೆ, ಬುಡ ಬಿಟ್ಟು ಕತ್ತರಿಸಿ ತಿನ್ನೋ ಎಳೆ ಸಸಿ. ಬೆಳೆಸೋ ರೀತಿ ನಮ್ಮ ಕಡೆ ಹೊಸದೇನಲ್ಲ. ಉತ್ತರ ಕರ್ನಾಟಕದಲ್ಲಿ ನವರಾತ್ರಿಗೆ ಘಟ್ಟ ಹಾಕಿ ಮಣ್ಣಿನಲ್ಲಿ ಧಾನ್ಯ ಮೊಳೆಸ್ತಾರೆ, ಮದುವೆಗಳಲ್ಲಿ ಅಂಕುರಾರ್ಪಣೆಗೆ ನವಧಾನ್ಯ ಬಿತ್ತುತ್ತಾರೆ. ತಿನ್ನೋದಷ್ಟೇ ಹೊಸದು. ಅದೂ ಮುಂಬೈಯವರಿಗೆ ಹೊಸದಲ್ಲ, ಮರಳಿನಲ್ಲಿ ಬೆಳೆದ ಪುಟ್ಟ ಮೆಂತ್ಯ ಸೊಪ್ಪು ಅಲ್ಲಿ ‘ಸಮುದ್ರ ಮೇಥಿ’ ಅಂತ ಕಟ್ಟು ಕಟ್ಟಿ ಮಾರಾಟವಾಗುತ್ತೆ.

ಬೀಜ ಎಲ್ಲಿಂದ ತರಬೇಕು?

ಬಿತ್ತನೆ ಬೀಜದ ಅಂಗಡಿಯಲ್ಲಿ ಸಿಗೋ ಗುಲಾಬಿ, ನೀಲಿ, ಹಸಿರು ಬಣ್ಣ ಹಚ್ಚಿದ ಬೀಜ ಹೊಲಕ್ಕೆ ಮಾತ್ರ. ಅದಕ್ಕೆ ಥೈರಾಮ್, ಕ್ಯಾಪ್ಟಾನ್, ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಲೇಪಿಸಿರ್ತಾರೆ. ಕೆಲವಕ್ಕೆ ಇಮಿಡಾಕ್ಲೋಪ್ರಿಡ್ ಕೀಟನಾಶಕವೂ ಇರುತ್ತೆ. ಅದು ಬೀಜದ ಮೇಲಷ್ಟೇ ಉಳಿಯಲ್ಲ, ಬೇರಿನ ಮೂಲಕ ಸಸಿಯ ಒಳಗೇ ಸೇರುತ್ತೆ. ಹೊಲದ ಬೆಳೆ ಕೊಯ್ಲಿಗೆ ಬರೋಕೆ ತಿಂಗಳುಗಳು ಬೇಕು, ಇದನ್ನ ಎಂಟನೇ ದಿನಕ್ಕೇ ತಿಂತೀವಿ. ನಾಲ್ಕು ಸಲ ತೊಳೆದ್ರೂ ಪ್ರಯೋಜನ ಇಲ್ಲ. ತಿನ್ನಲು ಬಳಸಬಾರದು ಅಂತ ಪ್ಯಾಕೆಟ್ ಮೇಲೇ ಬರೆದಿರುತ್ತೆ, ಆದ್ರೆ ಬಿಡಿಯಾಗಿ ಕೊಟ್ಟಾಗ ಆ ಚೀಟಿ ಗಿರಾಕಿ ಕೈಗೆ ಹೋಗಲ್ಲ. ಅಂಗಡಿಯವರು ‘ಯಾತಕ್ಕೆ ಬೇಕು’ ಅಂತ ಒಂದು ಮಾತು ಕೇಳಿ ಕೊಟ್ಟರೆ ಒಳ್ಳೇದು.

ದಿನಸಿ ಅಂಗಡಿಯ ಮೆಂತ್ಯ, ಸಾಸಿವೆ, ಇಡೀ ಹೆಸರುಕಾಳು, ಒಣ ಬಟಾಣಿ ಸಾಕು. ಬೇಳೆ ಮೊಳೆಯಲ್ಲ. ಹಳೇ ದಾಸ್ತಾನಾದ್ರೆ ಮೊಳಕೆ ಕಮ್ಮಿ. ಮೊದಲು 20 ಕಾಳು ಒದ್ದೆ ಬಟ್ಟೆಯಲ್ಲಿಟ್ಟು ನೋಡಿ, 15-16 ಮೊಳೆತರೆ ತೊಂದರೆ ಇಲ್ಲ. ಕೊತ್ತಂಬರಿಯನ್ನ ತೀಡಿ ಎರಡು ಹೋಳು ಮಾಡಬೇಕು, ಎರಡು-ಮೂರು ವಾರ ಕಾಯಲೂ ಬೇಕು. ಮೊದಲ ಸಲದವರಿಗೆ ಅದು ಬೇಡ.

ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿ ತಿನ್ನಬಾರದು, ಅವುಗಳ ಎಲೆ-ಕಾಂಡದಲ್ಲಿ ವಿಷಾಂಶ ಇರುತ್ತೆ. ರಾಜ್ಮಾ ಹಸಿಯಾಗಿ ಆಗದು. ಜೋಳವೂ ಬೇಡ. ಎಳೇ ಜೋಳದ ಪೈರು ಮೇಯ್ದು ದನ ಸಾಯೋದು ರೈತರಿಗೆ ಗೊತ್ತಿರೋದೇ, ಸಯನೈಡ್ ಅಂಶ ಎಳೆ ಗಿಡದಲ್ಲೇ ಹೆಚ್ಚು.

ಬೆಳೆಸೋ ರೀತಿ

ಸ್ವೀಟ್ ಅಂಗಡಿಯ ಅಗಲದ ಪ್ಲಾಸ್ಟಿಕ್ ಡಬ್ಬಿ ಸಾಕು, ತಳಕ್ಕೆ ಎಂಟ್ಹತ್ತು ತೂತು ಮಾಡಿ. ಒಂದು ಇಂಚಿನಷ್ಟು ತೆಂಗಿನ ನಾರಿನ ಪುಡಿ ತುಂಬಿ. ತಿಪಟೂರು, ಅರಸೀಕೆರೆ ಕಡೆಯವರಿಗೆ ಇದು ಹುಡುಕೋ ವಸ್ತುವೇ ಅಲ್ಲ. ಅದರಲ್ಲಿ ಉಪ್ಪಿನಂಶ ಇರೋದ್ರಿಂದ ಎರಡು-ಮೂರು ನೀರಲ್ಲಿ ತೊಳೆದು ಹಿಂಡಬೇಕು. ಜೊತೆಗೆ ಸ್ವಲ್ಪ ಎರೆಗೊಬ್ಬರ ಹಾಕಬಹುದು, ಹಸಿ ಸಗಣಿ ಮಾತ್ರ ಬೇಡ.

ಮೆಂತ್ಯ, ಹೆಸರು, ಬಟಾಣಿ ರಾತ್ರಿಯೆಲ್ಲ ನೆನೆಸಿ. ಸಾಸಿವೆ ನೆನೆಸೋದು ಬೇಡ. ಒಂದಡಿ ಅಗಲದ ಡಬ್ಬಿಗೆ ಸಾಸಿವೆ ಎರಡು-ಮೂರು ಚಮಚ, ಮೆಂತ್ಯ ಒಂದು ಹಿಡಿ. ಕಾಳಿನ ಮೇಲೆ ಕಾಳು ಬೀಳದ ಹಾಗೆ ಒತ್ತಾಗಿ ಹರಡಿ. ಮಣ್ಣು ಮುಚ್ಚೋ ಅಗತ್ಯ ಇಲ್ಲ. ನೀರು ಚಿಮುಕಿಸಿ, ಇನ್ನೊಂದು ಡಬ್ಬಿ ಕವುಚಿ, ಮೇಲೆ ಸಣ್ಣ ತೂಕ ಇಟ್ಟು ಎರಡು-ಮೂರು ದಿನ ಕತ್ತಲಲ್ಲಿಡಿ. ಸಸಿ ತಲೆ ಎತ್ತಿದ ಮೇಲೆ ಕಿಟಕಿ ಬೆಳಕಿಗೆ ತನ್ನಿ, ಮಟಮಟ ಮಧ್ಯಾಹ್ನದ ಬಿಸಿಲಿಗಲ್ಲ. ಆಮೇಲೆ ತಟ್ಟೆಯಲ್ಲಿ ನೀರು ಹಾಕಿ ಡಬ್ಬಿಯನ್ನ ಹತ್ತು ನಿಮಿಷ ಅದರಲ್ಲಿಡಿ, ತಳದಿಂದಲೇ ಹೀರಿಕೊಳ್ಳುತ್ತೆ. ಮೇಲಿಂದ ಸುರಿದ್ರೆ ಸಸಿ ಮಲಗಿ ಕೊಳೆಯುತ್ತೆ.

ಮೂರು-ನಾಲ್ಕನೇ ದಿನ ಬುಡದಲ್ಲಿ ಬಿಳೀ ನವಿರು ಕಂಡು ‘ಬೂಷ್ಟು ಬಂತು’ ಅಂತ ಎಸೆಯೋರೇ ಜಾಸ್ತಿ. ನೀರು ಚಿಮುಕಿಸಿ ನೋಡಿ. ಮಾಯವಾದ್ರೆ ಅದು ಬೇರಿನ ಕೂದಲು, ಒಳ್ಳೇದೇ. ಜೇಡರ ಬಲೆಯ ಹಾಗೆ ಕಾಂಡದ ಮೇಲೆಲ್ಲ ಹಬ್ಬಿ ವಾಸನೆ ಬಂದ್ರೆ ಬೂಷ್ಟು, ಆಗ ಇಡೀ ಡಬ್ಬಿ ಗೊಬ್ಬರದ ಗುಂಡಿಗೆ. ಮಳೆಗಾಲದಲ್ಲಿ ಈ ಕಾಟ ಹೆಚ್ಚು, ಬೀಜ ತೆಳ್ಳಗೆ ಹರಡೋದೇ ಉಪಾಯ.

ತಿನ್ನೋದು, ಮಾರೋದು

ಏಳರಿಂದ ಹತ್ತು ದಿನಕ್ಕೆ ಅರ್ಧ ಇಂಚು ಬಿಟ್ಟು ಕತ್ತರಿಸಿ. ಬಟಾಣಿ ಬಿಟ್ಟರೆ ಉಳಿದವು ಸಾಮಾನ್ಯವಾಗಿ ಮತ್ತೆ ಚಿಗುರಲ್ಲ. ಕೋಸಂಬರಿ, ಮೊಸರು ಬಜ್ಜಿಗೆ ಹಸಿಯಾಗೇ ಹಾಕಬಹುದು, ಸಾರು-ಪಲ್ಯಕ್ಕಾದ್ರೆ ಒಲೆ ಆರಿಸಿದ ಮೇಲೆ. ಸಾಸಿವೆ ಖಾರ ಹೊಡೆಯುತ್ತೆ, ಮೆಂತ್ಯದ ಕಹಿ ತೆಳುವಾಗಿರುತ್ತೆ.

ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು 25 ಬಗೆ ಪರೀಕ್ಷಿಸಿ, ಬಲಿತ ಎಲೆಗಿಂತ ಎಳೆ ಸಸಿಯಲ್ಲಿ ವಿಟಮಿನ್ ಸಿ, ಇ, ಕೆ ಅಂಶ ಸಾಮಾನ್ಯವಾಗಿ ಹೆಚ್ಚು ಎಂದು ಕಂಡುಕೊಂಡಿತು. ಬಗೆಯಿಂದ ಬಗೆಗೆ ಬಹಳ ಏರುಪೇರೂ ಇತ್ತು. ಆದ್ರೆ ತಿನ್ನೋದು ಒಂದು ಹಿಡಿ. ದಂಟು, ನುಗ್ಗೆ ಸೊಪ್ಪು ಬಿಟ್ಟು ಇದನ್ನೇ ನಂಬೋದು ಲೆಕ್ಕಕ್ಕೆ ಬರಲ್ಲ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್‌ನಂಥ ಮಾತ್ರೆ ತಗೊಳ್ಳೋರು ವಿಟಮಿನ್ ಕೆ ಕಾರಣಕ್ಕೆ ಡಾಕ್ಟರನ್ನ ಕೇಳಿಯೇ ತಿನ್ನಬೇಕು.

ಶುಚಿತ್ವದ ಮಾತೂ ಸಣ್ಣದಲ್ಲ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಸೋಂಕಿಗೆ 50ಕ್ಕೂ ಹೆಚ್ಚು ಜನ ಸತ್ತಾಗ, ತನಿಖೆ ಬೊಟ್ಟು ಮಾಡಿದ್ದು ಮೆಂತ್ಯದ ಮೊಳಕೆಯತ್ತ. ಬುಡ ಬಿಟ್ಟು ಕತ್ತರಿಸೋದ್ರಿಂದ ಇಲ್ಲಿ ಅಪಾಯ ಕಡಿಮೆ ಇರಬಹುದು, ಇಲ್ಲವೇ ಇಲ್ಲ ಅನ್ನೋಹಾಗಿಲ್ಲ. ಕುಡಿಯೋ ನೀರನ್ನೇ ಹಾಕಿ, ಪ್ರತಿ ಸಲ ಡಬ್ಬಿ ಸೋಪಿನಲ್ಲಿ ತೊಳೆದು ಒಣಗಿಸಿ. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಬೇಯಿಸಿ ಕೊಡೋದೇ ಸರಿ.

ಮಾರೋ ಯೋಚನೆ ಇದ್ದೋರು ಮೊದಲು ಕೊಳ್ಳೋರನ್ನ ಹುಡುಕಿ, ಆಮೇಲೆ ರ‍್ಯಾಕ್‌ಗೆ ದುಡ್ಡು ಹಾಕಿ. ಕತ್ತರಿಸಿದ ಸೊಪ್ಪು ಹೊರಗಿಟ್ಟರೆ ಸಂಜೆಯೊಳಗೆ ಬಾಡುತ್ತೆ, ಫ್ರಿಜ್‌ನಲ್ಲಿ ನಾಲ್ಕೈದು ದಿನ. ಫ್ರಿಜ್ ಇಲ್ಲದ ತರಕಾರಿ ಅಂಗಡಿಗೆ ಇದು ಆಗಿಬರೋ ಸರಕಲ್ಲ. ಹೋಟೆಲ್‌ನವರು ಒಪ್ಪಿದ್ರೆ ಕತ್ತರಿಸದೆ ಡಬ್ಬಿ ಸಮೇತ ಕೊಟ್ಟು, ಖಾಲಿ ಡಬ್ಬಿ ವಾಪಸ್ ತಗೊಳ್ಳೋದು ಇಬ್ಬರಿಗೂ ಅನುಕೂಲ.