ತೊಟ್ಟಿಲು ಕೈ ಬದಲಿಸುವಾಗ

ನಮ್ಮ ಅಜ್ಜಿಯ ಮನೆಯ ಅಟ್ಟದ ಮೇಲೆ ಒಂದು ಕಲಘಟಗಿ ತೊಟ್ಟಿಲಿತ್ತು. ಧಾರವಾಡದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಅರಗಿನ ಬಣ್ಣ ಹಚ್ಚಿ, ಮೇಲೆ ಬಾಲಕೃಷ್ಣನದೋ ರಾಮಾಯಣದ್ದೋ ಚಿತ್ರ ಬರೆದ, ವರ್ಷಗಟ್ಟಲೆ ಬಣ್ಣ ಮಾಸದ ಕಟ್ಟಿಗೆಯ ತೊಟ್ಟಿಲು. ಬಳಗದಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅದು ಅಟ್ಟದಿಂದ ಇಳಿದು ಅಲ್ಲಿಗೆ ಹೋಗುತ್ತಿತ್ತು. ಕೂಸು ಅಂಬೆಗಾಲಿಡುವ ಹೊತ್ತಿಗೆ ಮರಳಿ ಬರುತ್ತಿತ್ತು. ನನ್ನನ್ನು, ಅಕ್ಕನನ್ನು, ಸೋದರಮಾವನ ಮಕ್ಕಳನ್ನು ಅದರಲ್ಲೇ ಹಾಕಿ ಹೆಸರಿಟ್ಟದ್ದು. ಹೊಸ ತೊಟ್ಟಿಲಿಗಿಂತ ಅದಕ್ಕೇ ಮಾನ ಹೆಚ್ಚು. ಇಷ್ಟು ಕೂಸುಗಳು ಆಡಿ ಬೆಳೆದ ತೊಟ್ಟಿಲು ಎಂದರೆ ಅದೇ ಒಂದು ಆಶೀರ್ವಾದ.

2016ರಲ್ಲಿ ಪುಣೆಯಲ್ಲಿ ನಮ್ಮ ಎರಡನೆಯ ಮಗಳು ಹುಟ್ಟಿದಾಗ ನನ್ನ ತಲೆಯಲ್ಲಿದ್ದದ್ದೂ ಇದೇ ಲೆಕ್ಕ. ಅಮೆರಿಕದ ಪ್ರಾಜೆಕ್ಟ್ ಮುಗಿಸಿ ಬಂದಿದ್ದ ಸಹೋದ್ಯೋಗಿಯೊಬ್ಬರು, "ಊರಿಗೆ ಹೋಗುವಾಗ ಅನುಕೂಲ ಆಗುತ್ತೆ" ಎಂದು ಒಂದು ಮಡಚುವ ಟ್ರಾವೆಲ್ ಕ್ರಿಬ್ ಕೊಟ್ಟರು. ಅವರಿಗೆ ಅದನ್ನು ಕೊಟ್ಟದ್ದು ಅಲ್ಲಿನ ನೆರೆಮನೆಯವರು. ಅಂದರೆ ನಮ್ಮದು ಕನಿಷ್ಠ ಮೂರನೆಯ ಕೈ. ಖುಷಿಯಾಗಿಯೇ ತೆಗೆದುಕೊಂಡೆ.

ಮನೆಗೆ ತಂದು ಬಿಡಿಸಿದಾಗ ಮೂರು ಬದಿಯ ಮೇಲ್ಪಟ್ಟಿಗಳು ಟಕ್ ಎಂದು ಕೂತವು. ನಾಲ್ಕನೆಯದು ಕೂತಂತೆ ಕಾಣುತ್ತಿತ್ತು, ಆದರೆ ಅಂಗೈಯಿಂದ ಒತ್ತಿದರೆ ನಡುವೆ ಮಡಚಿಕೊಂಡು ಕೆಳಗಿಳಿಯುತ್ತಿತ್ತು. ಮಾದರಿ ಸಂಖ್ಯೆಯ ಚೀಟಿ ಅಳಿಸಿಹೋಗಿತ್ತು. ಬಾಣಂತನಕ್ಕೆ ಬಂದಿದ್ದ ಅವ್ವ ನಾನು ಅರ್ಧ ತಾಸು ಅದರ ಮುಂದೆ ಕೂತದ್ದನ್ನು ನೋಡಿ, "ನಮ್ಮ ಕಾಲದಾಗ ತೊಟ್ಟಿಲಕ್ಕ ಯಾವ ಟೆಸ್ಟಿಂಗ್ ಇತ್ತೋ? ನೀವೇನು ಬದುಕಿಲ್ಲೇನು?" ಎಂದಳು. ಬದುಕದವರು ಬಂದು ಉತ್ತರ ಹೇಳುವುದಿಲ್ಲವಲ್ಲ ಎಂದು ಅನ್ನಿಸಿತು. ಬಾಣಂತಿ ಮನೆಯಲ್ಲಿ ಅಂಥ ಮಾತು ಆಡಲಿಲ್ಲ. ಆದರೆ ಅಂದು ರಾತ್ರಿಯಿಂದ ತೊಟ್ಟಿಲಿನ ಚರಿತ್ರೆ ಓದತೊಡಗಿದೆ.

ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಕು, ಆದರೆ ಮೈಕೆಳಗೆ ಸಿಕ್ಕಬಾರದು. ಬೆಡ್‌ಸೈಡ್ ಕ್ರಿಬ್ ಎಂದು ಈಗ ಮಾರುವ ವಸ್ತುವಿನ ಹಿಂದಿರುವ ಈ ಸಮಸ್ಯೆ ಬಹಳ ಹಳೆಯದು. ಇಟಲಿಯ ಫ್ಲಾರೆನ್ಸ್‌ನಲ್ಲಿ ಇದಕ್ಕೆ 'ಆರ್ಕುಚ್ಚಿಯೊ' ಎಂಬ ಸಾಧನವಿತ್ತು. ಕಟ್ಟಿಗೆಯ ಕಮಾನು, ಅದಕ್ಕೊಂದು ಕಬ್ಬಿಣದ ಪಟ್ಟಿ. ಹಾಸಿಗೆಯ ಮೇಲೆ ಕೂಸಿನ ಸುತ್ತ ಇಟ್ಟರೆ ಮಲಗಿದ ದಾದಿ ಹೊರಳಿದರೂ ಭಾರ ಕಮಾನಿನ ಮೇಲೆ ಬೀಳುತ್ತದೆ. ಹಾಲೂಡಿಸಲು ಬದಿಯಲ್ಲಿ ಜಾಗ ಕತ್ತರಿಸಿದ್ದರು. 1732ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆ ಇದರ ಚಿತ್ರ ಸಹಿತ ವಿವರಣೆಯನ್ನು ಪ್ರಕಟಿಸಿತು. ಫ್ಲಾರೆನ್ಸಿನ ದಾದಿಯರು ಇದನ್ನು ಬಳಸಲೇಬೇಕು, ತಪ್ಪಿದರೆ ಧರ್ಮಬಹಿಷ್ಕಾರ ಎಂದೂ ಅದರಲ್ಲಿ ಬರೆದಿದೆ. ಒಂದು ಊರು ಉತ್ತರ ಕಂಡುಕೊಂಡಿತ್ತು, ಇನ್ನೊಂದು ಊರು ಅದನ್ನು ಅಚ್ಚು ಹಾಕಿಸಿತು. ಆದರೂ ಇಂಗ್ಲೆಂಡಿನ ಬಡವರ ಹಾಸಿಗೆಗಳಲ್ಲಿ ಕೂಸುಗಳು ಸಾಯುವುದು ನಿಲ್ಲಲಿಲ್ಲ. 1908ರ ಮಕ್ಕಳ ಕಾಯಿದೆಯಲ್ಲಿ ಕುಡಿದು ಮಲಗಿ ಪಕ್ಕದ ಕೂಸು ಉಸಿರುಗಟ್ಟಿ ಸತ್ತರೆ ಅದು ಅಪರಾಧ ಎಂದು ಬರೆದರು. ತೊಟ್ಟಿಲು ಕೊಳ್ಳಲಾಗದವರಿಗೆ ಬಾಳೆಹಣ್ಣಿನ ಪೆಟ್ಟಿಗೆಯಿಂದ ತೊಟ್ಟಿಲು ಮಾಡುವುದನ್ನು ಕಲಿಸಿದ್ದೂ ಆ ಕಾಲದಲ್ಲೇ.

ಕೂಸನ್ನು ಬೇರೆ ಮಲಗಿಸಿದ ಮೇಲೆ ಎರಡನೆಯ ಪ್ರಶ್ನೆ ಬಂತು. ಅಂಗಾತವೋ, ಬೋರಲೋ? ನಮ್ಮ ಅಜ್ಜಿಯಂದಿರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಕೂಸನ್ನು ಅಂಗಾತ ಮಲಗಿಸುವುದು, ಅದು ತಾನಾಗಿ ಬೋರಲು ಬಿದ್ದ ದಿನ ಸಂಭ್ರಮಪಡುವುದು. ಪಶ್ಚಿಮದ ವೈದ್ಯರು ಮಾತ್ರ ಇಲ್ಲಿ ದೊಡ್ಡದಾಗಿ ಎಡವಿದರು. 1944ರಲ್ಲೇ ನ್ಯೂಯಾರ್ಕಿನ ಹೆರಾಲ್ಡ್ ಅಬ್ರಾಮ್ಸನ್ ಎಂಬ ವೈದ್ಯರು, ಉಸಿರುಗಟ್ಟಿ ಸತ್ತವೆಂದು ದಾಖಲಾದ ಕೂಸುಗಳಲ್ಲಿ ಹೆಚ್ಚಿನವು ಬೋರಲು ಮಲಗಿದ್ದವೆಂದು ಬರೆದಿದ್ದರು. ಆದರೂ ಮನೆಮನೆಯಲ್ಲಿದ್ದ ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಪುಸ್ತಕ, ಐವತ್ತರ ದಶಕದ ನಡುವಿನ ಆವೃತ್ತಿಗಳಿಂದ ಬೋರಲು ಮಲಗಿಸುವುದೇ ಒಳ್ಳೆಯದೆಂದಿತು. ಅಂಗಾತ ಮಲಗಿದ ಕೂಸು ವಾಂತಿ ಮಾಡಿಕೊಂಡರೆ ಉಸಿರು ಕಟ್ಟೀತು ಎಂಬುದು ಕಾರಣ. ಕೇಳಲು ಸರಿಯೇ ಅನ್ನಿಸುವ, ಆದರೆ ಯಾರೂ ಪರೀಕ್ಷೆಗೆ ಒಡ್ಡದ ಕಾರಣ.

ಎಪ್ಪತ್ತರ ದಶಕದಲ್ಲಿ ನೆದರ್‌ಲ್ಯಾಂಡ್ಸ್ ಕೂಡ ಇದೇ ಸಲಹೆ ಪಾಲಿಸಿತು, ತೊಟ್ಟಿಲ ಸಾವುಗಳು ಏರಿದವು. 1987ರಲ್ಲಿ ಅಲ್ಲಿನ ವೈದ್ಯ ಹೂಸ್ ಡ ಯೊಂಗ್ ಬೋರಲು ಬೇಡವೆಂದು ಪ್ರಚಾರ ಮಾಡಿದರು. ನ್ಯೂಜಿಲೆಂಡಿನಲ್ಲಿ ದೇಶವ್ಯಾಪಿ ಅಧ್ಯಯನವೂ ಅದನ್ನೇ ಹೇಳಿತು. ಬ್ರಿಟನ್ನಿನಲ್ಲಿ 1991ರಲ್ಲಿ ಟಿವಿ ನಿರೂಪಕಿ ಆ್ಯನ್ ಡೈಮಂಡ್ ತಮ್ಮ ಮಗನನ್ನು ಹೀಗೆ ಕಳೆದುಕೊಂಡ ಮೇಲೆ ಹಟ ಹಿಡಿದು ಸರ್ಕಾರದ ಕೈಯಲ್ಲಿ ಪ್ರಚಾರ ಮಾಡಿಸಿದರು. ಅಮೆರಿಕದ ಪ್ರಚಾರ 1994ರಲ್ಲಿ ಶುರುವಾಯಿತು. ಹೊಸ ಔಷಧಿಯಿಲ್ಲ, ಯಂತ್ರವಿಲ್ಲ. ಕೂಸನ್ನು ಮಗುಚಿ ಮಲಗಿಸಿದ್ದಷ್ಟೇ, ಎರಡೂ ದೇಶಗಳಲ್ಲಿ ಹಠಾತ್ ಶಿಶುಮರಣ ಅರ್ಧಕ್ಕಿಂತ ಕೆಳಗಿಳಿಯಿತು. 2005ರಲ್ಲಿ ಲಂಡನ್ನಿನ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. ಬೇಕಾದ ಪುರಾವೆ 1970ರ ಹೊತ್ತಿಗೇ ಇತ್ತು. ಆಗಲೇ ಗಮನಿಸಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಸೇರಿ ಕನಿಷ್ಠ 50,000 ಕೂಸುಗಳು ಉಳಿಯಬಹುದಿತ್ತು ಎಂಬುದು ಅವರ ಲೆಕ್ಕ.

ಮೂರನೆಯದು ತೊಟ್ಟಿಲಿನದೇ ಕಥೆ. ಪಟ್ಟಿಗಳ ನಡುವೆ ಕೂಸಿನ ಮೈ ತೂರಿ, ತಲೆ ಮಾತ್ರ ಸಿಕ್ಕಿಕೊಳ್ಳುತ್ತಿದ್ದ ಅಪಘಾತಗಳ ನಂತರ ಅಮೆರಿಕ 1973ರಲ್ಲಿ ನಿಯಮ ಮಾಡಿತು. ಎರಡು ಪಟ್ಟಿಗಳ ನಡುವಿನ ಸಂದು ಎರಡೂವರೆ ಅಂಗುಲಕ್ಕಿಂತ ಕಡಿಮೆ, ಲೆಕ್ಕವಾಗಿ ಸುಮಾರು 6 ಸೆಂಟಿಮೀಟರ್ ಮೀರಬಾರದು. ಕೋಲಾ ಡಬ್ಬಿ ನಡುವೆ ತೂರಿದರೆ ಆ ತೊಟ್ಟಿಲು ಬೇಡ ಎಂಬ ಮನೆಪರೀಕ್ಷೆ ಹುಟ್ಟಿದ್ದು ಈ ಅಳತೆಯಿಂದ. ಮುಂದೆ, ಎತ್ತಿ ಇಳಿಸುವ ಬದಿಯುಳ್ಳ ತೊಟ್ಟಿಲುಗಳ ಸರದಿ. ಸೊಂಟ ಬಗ್ಗಿಸದೆ ಕೂಸನ್ನು ಎತ್ತಿಕೊಳ್ಳಲು ಅನುಕೂಲ, ಆದರೆ ಕೊಂಡಿ ಸವೆದಾಗ ಬದಿ ಕಳಚಿ ಸಂದು ಬಿಡುತ್ತಿತ್ತು. 2000ದಿಂದ ಒಂದು ದಶಕದಲ್ಲಿ ಕನಿಷ್ಠ 32 ಸಾವುಗಳಿಗೆ ಇದು ಕಾರಣವೆಂದು ಗುರುತಿಸಿದ ಮೇಲೆ, 2011ರ ಜೂನ್ ಕೊನೆಯಿಂದ ಅವುಗಳ ಮಾರಾಟವೇ ನಿಷಿದ್ಧವಾಯಿತು.

ನನ್ನನ್ನು ನಿಲ್ಲಿಸಿದ್ದು 1998ರ ಒಂದು ಪ್ರಕರಣ. ಷಿಕಾಗೋದಲ್ಲಿ 16 ತಿಂಗಳ ಡ್ಯಾನಿ ಕೇಸರ್ ಎಂಬ ಮಗು ನೋಡಿಕೊಳ್ಳುವವರ ಮನೆಯಲ್ಲಿ ಮಧ್ಯಾಹ್ನ ಮಲಗಿತ್ತು. ಮಲಗಿದ್ದದ್ದು ಪ್ಲೇಸ್ಕೂಲ್ ಹೆಸರಿನ ಟ್ರಾವೆಲ್-ಲೈಟ್ ಎಂಬ ಮಡಚುವ ತೊಟ್ಟಿಲಿನಲ್ಲಿ. ಅದರ ಮೇಲ್ಪಟ್ಟಿ ನಡುವಿನ ಕೀಲಿನಲ್ಲಿ ಕುಸಿದು ಇಂಗ್ಲಿಷಿನ 'ವಿ' ಅಕ್ಷರದಂತಾಯಿತು. ಮಗುವಿನ ಕುತ್ತಿಗೆ ಆ ಸಂದಿನಲ್ಲಿ ಸಿಕ್ಕಿತು. ಆ ಮಾದರಿಯಲ್ಲಿ ಸತ್ತ ಐದನೆಯ ಮಗು ಡ್ಯಾನಿ.

ಆದರೆ ಆ ತೊಟ್ಟಿಲನ್ನು ಐದು ವರ್ಷ ಮೊದಲೇ, 1993ರಲ್ಲೇ, ಅಪಾಯಕಾರಿ ಎಂದು ಮಾರುಕಟ್ಟೆಯಿಂದ ವಾಪಸು ಕರೆಸಿದ್ದರು. ದೋಷ ಗೊತ್ತಿತ್ತು, ಪ್ರಕಟಣೆ ಹೊರಟಿತ್ತು, ಕಡತದಲ್ಲಿ ಕೆಲಸ ಮುಗಿದಿತ್ತು. ನಮ್ಮ ಉದ್ಯೋಗದ ಮಾತಿನಲ್ಲಿ ಹೇಳುವುದಾದರೆ ಟಿಕೆಟ್ ಕ್ಲೋಸ್ ಆಗಿತ್ತು, ಆದರೆ ಪ್ಯಾಚ್ ಪ್ರೊಡಕ್ಷನ್‌ಗೆ ಹೋಗಿರಲಿಲ್ಲ. ಮಗುವನ್ನು ನೋಡಿಕೊಳ್ಳುತ್ತಿದ್ದವರಿಗೆ ಅದು ತಿಳಿದಿರಲಿಲ್ಲ, ತಂದೆತಾಯಿಗೂ ತಿಳಿದಿರಲಿಲ್ಲ. ತಂದೆತಾಯಿ ಇಬ್ಬರೂ ಷಿಕಾಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಓದುಬರಹ ಇಲ್ಲದ್ದಕ್ಕೆ ಹೀಗಾಯಿತು ಎನ್ನುವಂತಿಲ್ಲ. ಲಿಂಡಾ ಗಿಂಜೆಲ್ ಮತ್ತು ಬೋಅಜ್ ಕೇಸರ್ ಅದೇ ವರ್ಷ 'ಕಿಡ್ಸ್ ಇನ್ ಡೇಂಜರ್' ಎಂಬ ಸಂಸ್ಥೆ ಕಟ್ಟಿದರು. ಹತ್ತು ವರ್ಷದ ನಂತರ, 2008ರಲ್ಲಿ, ಅಮೆರಿಕದ ಗ್ರಾಹಕ ಸುರಕ್ಷತಾ ಕಾಯಿದೆಯ ಒಂದು ಭಾಗಕ್ಕೆ ಅವರ ಮಗನ ಹೆಸರನ್ನೇ ಇಟ್ಟರು. ತೊಟ್ಟಿಲಿನಂಥ ವಸ್ತುಗಳಿಗೆ ಕಡ್ಡಾಯ ಮಾನಕಗಳು ಬಂದವು. ಪ್ರತಿ ವಸ್ತುವಿನ ಜೊತೆ ಒಂದು ನೋಂದಣಿ ಕಾರ್ಡ್ ಇಡಬೇಕೆಂದಾಯಿತು. ಕೊಂಡವರು ಅದನ್ನು ತುಂಬಿ ಕಳಿಸಿದರೆ, ಮುಂದೆ ದೋಷ ಕಂಡಾಗ ತಯಾರಕರು ಅವರಿಗೆ ನೇರವಾಗಿ ತಿಳಿಸಬೇಕು.

ಒಳ್ಳೆಯ ಕಾನೂನು. ಆದರೆ ಎಚ್ಚರಿಕೆ ಕೊಂಡವರನ್ನು ಹುಡುಕಿಕೊಂಡು ಹೋಗುತ್ತದೆ, ತೊಟ್ಟಿಲು ಕೂಸನ್ನು ಹುಡುಕಿಕೊಂಡು ಹೋಗುತ್ತದೆ. ಮೂರು ಕೈ ದಾಟಿ, ಸಮುದ್ರ ದಾಟಿ ಪುಣೆಗೆ ಬಂದದ್ದಕ್ಕೆ ಯಾವ ಕಾರ್ಡ್? ಕಲಘಟಗಿಯ ತೊಟ್ಟಿಲಿನಲ್ಲಿ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ, ಬಳಗಕ್ಕೆಲ್ಲ ಗೊತ್ತಾಗುತ್ತದೆ. ಮಡಚುವ ತೊಟ್ಟಿಲಿನ ದೋಷ ಕೀಲಿನೊಳಗೆ ಇರುತ್ತದೆ. ಎಷ್ಟು ಕೂಸು ಅದರಲ್ಲಿ ಬೆಳೆದವೋ ಅಷ್ಟು ಸಲ ಆ ಕೀಲು ಸವೆದಿರುತ್ತದೆ. ಅಜ್ಜಿಯ ಮನೆಯ ಲೆಕ್ಕವನ್ನು ನಾನು ಇಲ್ಲಿ ತಂದು ಹಚ್ಚಿದ್ದೇ ತಪ್ಪು.

ಇಷ್ಟು ತಿಳಿದ ಮೇಲೆ ನಾನು ಮಾಡಿದ್ದೇನು? ಅದನ್ನು ಮಡಚಿ, ಚೀಲದಲ್ಲಿ ಹಾಕಿ, ಲಾಫ್ಟ್ ಮೇಲೆ ಒಗೆದೆ. ಕೊಟ್ಟವರಿಗೆ ಹೇಳಲು ಸಂಕೋಚ. ಬಾಣಂತಿಯನ್ನು ಹೆದರಿಸುವುದೇಕೆಂದು ಹೆಂಡತಿಗೂ ಹೇಳಲಿಲ್ಲ. ಹೊಸದೊಂದು ಬೆಡ್‌ಸೈಡ್ ಕ್ರಿಬ್ ಕೊಂಡೆವು, ಮಗಳು ಬೆಳೆದಳು, ನಾನು ಮರೆತೆ.

2018ರ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಆಫೀಸಿಗೆ ಹೆಂಡತಿಯ ಫೋನು ಬಂತು. "ರೀ, ಲಾಫ್ಟಿನ ಮ್ಯಾಲಿನ ಆ ತೊಟ್ಟಿಲಾ ಮಾವಶಿಗೆ ಕೊಡ್ತೀನಿ. ಅವರ ಮೊಮ್ಮಗಗ ಆಗ್ತದ. ಒರೆಸಿ ಇಟ್ಟೀನಿ." ಮನೆಗೆಲಸಕ್ಕೆ ಬರುವ ಮಾವಶಿಯ ಮಗಳಿಗೆ ಆಗ ಎಂಟು ತಿಂಗಳ ಕೂಸು. ನಾನು ಮೀಟಿಂಗ್ ಬಿಟ್ಟೆದ್ದು ಕಾರಿಡಾರಿನಲ್ಲಿ ನಿಂತು, ಬೇಡ, ಯಾರಿಗೂ ಕೊಡಬೇಡ ಎಂದು ಕೂಗಿಯೇ ಹೇಳಿದೆನಂತೆ. ಆಕೆಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗುವುದಾದರೂ ಹೇಗೆ? 1993ರಲ್ಲಿ ಅಲ್ಲಿ ಆದದ್ದನ್ನೇ ನಾನು ನನ್ನ ಮನೆಯಲ್ಲಿ ಮಾಡಿದ್ದೆ. ದೋಷ ನನಗೆ ಗೊತ್ತಿತ್ತು, ತೊಟ್ಟಿಲು ಇನ್ನೂ ಗಟ್ಟಿಯಾಗಿ ನಿಂತಿತ್ತು, ನಡುವೆ ಒಂದು ಮಾತು ಹೋಗಿರಲಿಲ್ಲ. ನನ್ನ ಮಗಳಿಗೆ ಬೇಡವಾದದ್ದು ಮಾವಶಿಯ ಮೊಮ್ಮಗನ ಕೆಳಗೆ ಹೋಗುವುದಕ್ಕೆ ಇದ್ದದ್ದು ಒಂದು ಫೋನಿನಷ್ಟೇ ಅಂತರ.

ಅಂದು ಸಂಜೆ ಜಾಳಿಗೆ ಬಟ್ಟೆಯನ್ನು ಕತ್ತರಿಸಿ, ಕೊಳವೆಗಳನ್ನು ಬಗ್ಗಿಸಿ, ಕೀಲುಗಳನ್ನು ಮುರಿದು ಗುಜರಿಗೆ ಹಾಕಿದೆ. ಕೊಟ್ಟ ಸಹೋದ್ಯೋಗಿಗೆ ಫೋನು ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಮಗ ಅದರಲ್ಲಿ ಒಂದು ವರ್ಷ ಮಲಗಿದ್ದ" ಎಂದರು. ಬೇಸರ ಮಾಡಿಕೊಳ್ಳಲಿಲ್ಲ. ಮಾವಶಿಗೆ ಹಬ್ಬಕ್ಕೆ ಹೊಸದೊಂದು ಸಾದಾ ಕಟ್ಟಿಗೆಯ ತೊಟ್ಟಿಲು ಕೊಡಿಸಿದೆವು, ಪಟ್ಟಿಗಳ ಸಂದನ್ನು ನಾನೇ ಅಳೆದು.

ನಮ್ಮಂಥ ಪರಊರಿನವರ ಮನೆಗಳಲ್ಲಿ ಇಂಥ ವಸ್ತುಗಳು ಕೈಯಿಂದ ಕೈಗೆ ಓಡಾಡುತ್ತಲೇ ಇರುತ್ತವೆ. ಬಳಗ ದೂರ, ಬಾಡಿಗೆ ಮನೆ ಸಣ್ಣದು, ಕೊಡುವವರ ಮನಸ್ಸು ದೊಡ್ಡದು. ಆದ್ದರಿಂದ ನನಗೆ ತಿಳಿದದ್ದನ್ನು ಹೇಳಿಬಿಡುತ್ತೇನೆ. ಮಡಚುವ ತೊಟ್ಟಿಲನ್ನು ಬಿಡಿಸಿದಾಗ ನಾಲ್ಕೂ ಬದಿಯ ಮೇಲ್ಪಟ್ಟಿಯ ನಡುವೆ ಭಾರ ಹಾಕಿ ಒತ್ತಿ ನೋಡಿ. ಮಾದರಿ ಸಂಖ್ಯೆ ಮತ್ತು ತಯಾರಾದ ದಿನಾಂಕದ ಚೀಟಿ ಇಲ್ಲದ್ದು ಬೇಡ. ಸಂಖ್ಯೆಯಿದ್ದರೆ, ಆ ಮಾದರಿಯನ್ನು ಎಲ್ಲಾದರೂ ವಾಪಸು ಕರೆಸಿದ್ದಾರೆಯೇ ಎಂದು ಹುಡುಕಲು ಐದು ನಿಮಿಷ ಸಾಕು. ಅದರ ಜೊತೆ ಬಂದ ತೆಳು ಹಾಸಿಗೆಯೇ ಸಾಕು. ಗಟ್ಟಿಯಾಯಿತೆಂದು ಮೇಲೊಂದು ಮೆತ್ತನೆಯದು ಹಾಸಿದರೆ ಅಂಚಿನಲ್ಲಿ ಸಂದು ಬೀಳುತ್ತದೆ, ಕೂಸಿನ ಮುಖ ಅಲ್ಲಿ ಹೂತುಹೋಗುತ್ತದೆ. ಬೆಡ್‌ಸೈಡ್ ಕ್ರಿಬ್ಬಾದರೆ ಮಂಚಕ್ಕೆ ಪಟ್ಟಿ ಬಿಗಿದು ನಡುವೆ ಸಂದು ಇರದಂತೆ ನೋಡಿಕೊಳ್ಳಿ. ತೆರೆದ ಬದಿಯಲ್ಲೂ ಹಾಸಿಗೆಯಿಂದ ಕನಿಷ್ಠ 12 ಸೆಂಟಿಮೀಟರ್ ಎತ್ತರದ ತಡೆ ಇರಬೇಕೆಂದು 2019ರ ಯುರೋಪಿನ ಮಾನಕ ಹೇಳುತ್ತದೆ. ಇಳಿಜಾರಾಗಿ ಮಲಗಿಸುವ ಆಸನಗಳು ರಾತ್ರಿಯ ನಿದ್ದೆಗಲ್ಲ. ಅಂಥದೊಂದು ಹೆಸರಾಂತ ಮಾದರಿಯ 47 ಲಕ್ಷ ಆಸನಗಳನ್ನು ಅಮೆರಿಕದಲ್ಲಿ 2019ರಲ್ಲಿ ವಾಪಸು ಕರೆಸಿದರು, 2022ರಲ್ಲಿ ಆ ಜಾತಿಯನ್ನೇ ನಿಷೇಧಿಸಿದರು.

ಅವ್ವ ಧಾರವಾಡದಿಂದ ಸಾಸಿವೆ ದಿಂಬು ತಂದಿದ್ದಳು, ಹಳೆಯ ಸೀರೆಗಳ ಕೌದಿ ಹೊಲಿದು ತಂದಿದ್ದಳು. ಮಲಗುವ ಜಾಗದಲ್ಲಿ ದಿಂಬೂ ಬೇಡ, ಕೌದಿಯೂ ಬೇಡ ಎಂದಾಗ ಮುಖ ಸಣ್ಣದು ಮಾಡಿಕೊಂಡಳು. ಅಂಗಾತ ಮಲಗಿಸುವ ವಿಷಯದಲ್ಲಿ ನೀನೇ ಸರಿ, ದೊಡ್ಡ ದೊಡ್ಡ ಡಾಕ್ಟರರು ತಪ್ಪಿದ್ದರು ಎಂದು ನೆದರ್‌ಲ್ಯಾಂಡ್ಸಿನ ಕಥೆ ಹೇಳಿದೆ. "ಹಂಗಂದ್ರ ನಮಗೂ ಒಂದೀಟು ತಿಳೀತದ ಅನ್ನು" ಎಂದಳು. ಕೌದಿ ಹಗಲಿಗೆ ನೆಲದ ಮೇಲೆ ಹಾಸಿದೆವು, ಕೂಸು ಎಚ್ಚರಿದ್ದಾಗ ಆಡಲಿಕ್ಕೆ. ಮಗಳು ಮೊದಲ ಸಲ ಬೋರಲು ಬಿದ್ದದ್ದು ಅದರ ಮೇಲೆಯೇ.

ನಾವು ಕೊಂಡ ಬೆಡ್‌ಸೈಡ್ ಕ್ರಿಬ್ ಆಮೇಲೆ ಹೈದರಾಬಾದಿನ ಗೆಳೆಯನ ಮನೆಗೆ ಹೋಯಿತು. ಜೊತೆಗೆ ಬಿಲ್ಲು, ಕೈಪಿಡಿ, ಮಾದರಿ ಸಂಖ್ಯೆಯ ಫೋಟೊ ಮತ್ತು ಒಂದು ಚೀಟಿ ಕಳಿಸಿದೆ. ಯಾವಾಗ ಕೊಂಡದ್ದು, ಎಷ್ಟು ತಿಂಗಳು ಬಳಸಿದ್ದು, ಯಾವ ತಿರುಪು ಬದಲಿಸಿದ್ದು ಎಂದು ಅದರಲ್ಲಿ ಬರೆದಿದ್ದೆ. ಮುಂದೆ ಯಾರಿಗಾದರೂ ಕೊಟ್ಟರೆ ಚೀಟಿಯನ್ನೂ ಕೊಡು ಎಂದೆ. ಹೋದ ವರ್ಷ ಚೆನ್ನೈಯಿಂದ ಅಪರಿಚಿತರೊಬ್ಬರು ಫೋನು ಮಾಡಿ, ಎಡಬದಿಯ ಪಟ್ಟಿಯನ್ನು ಮಂಚಕ್ಕೆ ಹೇಗೆ ಬಿಗಿಯುವುದೆಂದು ಕೇಳಿದರು. ಚೀಟಿಯ ಕೆಳಗೆ ನನ್ನ ನಂಬರು ಇತ್ತಂತೆ.